ಕಟ್ಟಿದ ದಂಡ, ಬಿಚ್ಚಿಸಿದ ಬಟ್ಟೆ: ಜೈಲಿನ ದಾಖಲಾತಿ ಕೋಣೆಯ ಒಂದು ಪ್ರಕರಣ

ಆಲ್ಬರ್ಟ್ ಫ್ಲಾರೆನ್ಸ್ ಅವರ ಕಾರಿನಲ್ಲಿ ಒಂದು ಕಾಗದವಿತ್ತು. ನ್ಯಾಯಾಲಯ ತಮಗೆ ವಿಧಿಸಿದ್ದ ದಂಡವನ್ನು ಪೂರ್ತಿಯಾಗಿ ಕಟ್ಟಿದ್ದೇನೆ ಎಂಬುದಕ್ಕೆ ಪುರಾವೆಯಾಗಿ ಅವರು ಅದನ್ನು ಇಟ್ಟುಕೊಂಡಿದ್ದರು. 2005ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಬರ್ಲಿಂಗ್‌ಟನ್ ಕೌಂಟಿಯಲ್ಲಿ ರಾಜ್ಯ ಪೊಲೀಸ್ ಪಡೆಯ ಅಧಿಕಾರಿಯೊಬ್ಬರು ಆ ಕಾರನ್ನು ತಡೆದಾಗ ಗಾಡಿ ಓಡಿಸುತ್ತಿದ್ದವರು ಅವರ ಪತ್ನಿ. ಫ್ಲಾರೆನ್ಸ್ ಪಕ್ಕದ ಸೀಟಿನಲ್ಲಿದ್ದರು, ಹಿಂದೆ ಅವರ ಚಿಕ್ಕ ಮಗ ಕುಳಿತಿದ್ದ. ಅಧಿಕಾರಿ ಕಂಪ್ಯೂಟರಿನಲ್ಲಿ ಹೆಸರು ಹುಡುಕಿದಾಗ ಫ್ಲಾರೆನ್ಸ್ ಮೇಲೆ ಬಂಧನದ ವಾರಂಟ್ ಇರುವುದು ಕಂಡಿತು. ಕಾಗದ ತೋರಿಸಿದರೂ ಪ್ರಯೋಜನವಾಗಲಿಲ್ಲ. ಹೆಂಡತಿ ಮಗನ ಎದುರಿಗೇ ಅವರ ಕೈಗೆ ಬೇಡಿ ಬಿತ್ತು.

ಆ ವಾರಂಟಿನ ಮೂಲ 1998ರಷ್ಟು ಹಿಂದಿನದು. ಆ ವರ್ಷ ಎಸೆಕ್ಸ್ ಕೌಂಟಿಯಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ಓಡಿದ ಸಂಬಂಧ ಅವರನ್ನು ಬಂಧಿಸಲಾಗಿತ್ತು. ಅವರು ಎರಡು ಲಘು ಅಪರಾಧಗಳನ್ನು ಒಪ್ಪಿಕೊಂಡರು, ನ್ಯಾಯಾಲಯ ಕಂತಿನಲ್ಲಿ ಕಟ್ಟುವಂತೆ ದಂಡ ಹಾಕಿತು. 2003ರಲ್ಲಿ ಕಂತು ಬಾಕಿ ಬಿದ್ದು, ಅದರ ವಿಚಾರಣೆಗೂ ಅವರು ಹಾಜರಾಗದೆ ಹೋದದ್ದರಿಂದ ವಾರಂಟ್ ಹೊರಟಿತು. ಒಂದು ವಾರ ಕಳೆಯುವುದರೊಳಗೆ ಅವರು ಬಾಕಿಯನ್ನು ಚುಕ್ತಾ ಮಾಡಿದರು. ಆದರೆ ರಾಜ್ಯದ ಕಂಪ್ಯೂಟರ್ ದಾಖಲೆಯಿಂದ ವಾರಂಟನ್ನು ಯಾರೂ ಅಳಿಸಲಿಲ್ಲ. ಅದು ಏಕೆ ಉಳಿಯಿತು ಎಂಬುದಕ್ಕೆ ವಿವರಣೆಯಿಲ್ಲವೆಂದು ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪೇ ಬರೆಯಿತು. ನಮ್ಮಲ್ಲಿ ಜಾಮೀನು ಸಿಕ್ಕರೂ ಆದೇಶದ ಪ್ರತಿ ಜೈಲಿಗೆ ತಲುಪದೆ ಕೈದಿ ಒಳಗೇ ಉಳಿಯುವ ಪ್ರಸಂಗಗಳನ್ನು ಕಂಡವರಿಗೆ ಇಂಥ ದಾಖಲೆಯ ಜಡತೆ ಹೊಸದೇನಲ್ಲ.

ಫ್ಲಾರೆನ್ಸ್ ಅವರನ್ನು ಬರ್ಲಿಂಗ್‌ಟನ್ ಕೌಂಟಿಯ ಜೈಲಿನಲ್ಲಿ ಆರು ದಿನ ಇಡಲಾಯಿತು. ಅಲ್ಲಿಂದ ಎಸೆಕ್ಸ್ ಕೌಂಟಿಯ ಜೈಲಿಗೆ ಸಾಗಿಸಲಾಯಿತು. ಅದರ ಮರುದಿನ ಆರೋಪ ವಜಾ ಆಗಿ ಅವರು ಹೊರಬಂದರು. ಬಂಧನವೇ ತಪ್ಪು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೆ ಸುಪ್ರೀಂ ಕೋರ್ಟಿನ ಮುಂದೆ ಹೋದ ಪ್ರಶ್ನೆ ಬಂಧನದ್ದೂ ಅಲ್ಲ, ಒಂದು ವಾರದ ಸೆರೆವಾಸದ್ದೂ ಅಲ್ಲ. ಎರಡು ಜೈಲುಗಳ ದಾಖಲಾತಿ ಕೋಣೆಯಲ್ಲಿ ಕಳೆದ ಕೆಲವು ನಿಮಿಷಗಳಷ್ಟೇ ಅಲ್ಲಿನ ವಿವಾದ. ಈ ಅಧ್ಯಯನದ ವಿಷಯವೂ ಅದೇ.

ಕೋಣೆಯೊಳಗೆ

ಬರ್ಲಿಂಗ್‌ಟನ್ ಜೈಲಿನ ಕ್ರಮದಂತೆ ಒಳಬರುವ ಪ್ರತಿಯೊಬ್ಬರೂ ಹೇನು ನಿವಾರಕ ದ್ರಾವಣ ಹಚ್ಚಿಕೊಂಡು ಸ್ನಾನ ಮಾಡಬೇಕಿತ್ತು. ಬಟ್ಟೆ ಕಳಚುವಾಗ ಸಿಬ್ಬಂದಿ ಎದುರಿಗೆ ನಿಂತು ಮೈಮೇಲಿನ ಗಾಯ, ಕಲೆ, ಗ್ಯಾಂಗಿನ ಹಚ್ಚೆ, ಬಚ್ಚಿಟ್ಟ ವಸ್ತು ಇವೆಯೇ ಎಂದು ನೋಡುತ್ತಿದ್ದರು. ಬಾಯಿ ತೆರೆದು ನಾಲಿಗೆ ಎತ್ತಲು, ತೋಳು ಚಾಚಲು, ಹಿಂದಕ್ಕೆ ತಿರುಗಲು, ಜನನಾಂಗವನ್ನು ಎತ್ತಿ ತೋರಿಸಲು ತಮಗೆ ಹೇಳಲಾಯಿತು ಎಂಬುದು ಫ್ಲಾರೆನ್ಸ್ ಅವರ ದೂರು.

ಎಸೆಕ್ಸ್ ಜೈಲು ಇನ್ನೂ ದೊಡ್ಡದು. ವರ್ಷಕ್ಕೆ 25,000ಕ್ಕೂ ಹೆಚ್ಚು ಜನ ಅದರೊಳಕ್ಕೆ ಬರುತ್ತಿದ್ದರು. ಯಾವುದೇ ದಿನ ಎಣಿಸಿದರೂ ಗ್ಯಾಂಗಿಗೆ ಸೇರಿದವರೇ ಸುಮಾರು 1,000 ಮಂದಿ ಒಳಗಿರುತ್ತಿದ್ದರು. ಹೊಸಬರು ಮೊದಲು ಲೋಹಶೋಧಕ ಚೌಕಟ್ಟನ್ನು ದಾಟಬೇಕು, ಬಳಿಕ ಒಂದು ಕೋಣೆಯಲ್ಲಿ ಗುಂಪಾಗಿ ಕಾಯಬೇಕು, ಅಲ್ಲಿಂದ ಹೊರಬಂದು ಬಟ್ಟೆ ಬಿಚ್ಚಬೇಕು. ಕಿವಿ, ಮೂಗು, ಬಾಯಿ, ಕೂದಲು, ನೆತ್ತಿ, ಬೆರಳು, ಕಂಕುಳು, ದೇಹದ ಉಳಿದ ರಂಧ್ರಗಳು, ಇವನ್ನೆಲ್ಲ ಅಧಿಕಾರಿ ಮುಟ್ಟದೆ ನೋಡುತ್ತಾನೆ. ಇಲ್ಲಿಯೂ ಜನನಾಂಗ ಎತ್ತಲು, ತಿರುಗಲು, ಕುಕ್ಕರಗಾಲಿನಲ್ಲಿ ಕುಳಿತು ಕೆಮ್ಮಲು ಹೇಳಿದರೆಂದು ಫ್ಲಾರೆನ್ಸ್ ತಿಳಿಸಿದರು. ಆಮೇಲೆ ಕಡ್ಡಾಯ ಸ್ನಾನ. ಅವರು ನೀರಿನಡಿ ನಿಂತಿದ್ದಾಗ ಅತ್ತ ಬಟ್ಟೆಗಳ ತಪಾಸಣೆ. ಯಾವ ಆರೋಪದ ಮೇಲೆ ಬಂದವನು, ಹೇಗೆ ನಡೆದುಕೊಂಡ, ಹಿಂದೆ ಏನು ಮಾಡಿದ್ದ ಎಂಬ ಯಾವುದನ್ನೂ ಈ ನಿಯಮ ಕೇಳುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ ಸಂಗತಿಯೊಂದಿದೆ. ಜೈಲು ಈ ತಪಾಸಣೆಗೆ ಕೊಡುವ ಕಾರಣ ಒಂದಲ್ಲ, ಹಲವು. ಹೇನು, ಚರ್ಮರೋಗ ಬ್ಯಾರಕ್ಕಿಗೆ ಹರಡಬಾರದು. ಗಾಯವಿದ್ದರೆ ಚಿಕಿತ್ಸೆ ಬೇಕು. ಶತ್ರು ಗ್ಯಾಂಗುಗಳ ಇಬ್ಬರನ್ನು ಒಂದೇ ಕೋಣೆಗೆ ಹಾಕಬಾರದು. ಚಾಕು, ಮಾದಕ ವಸ್ತು ಒಳಗೆ ಹೋಗಬಾರದು. ಒಂದೊಂದನ್ನೂ ಬಿಡಿಯಾಗಿ ಕೇಳಿದರೆ ತಲೆಯಾಡಿಸದೆ ಬೇರೆ ದಾರಿಯಿಲ್ಲ. ಆದರೆ ಹೇನಿಗಾಗಿ ನೆತ್ತಿ ನೋಡಿದರೆ ಸಾಕು, ಹಚ್ಚೆಗಾಗಿ ತೋಳು, ಎದೆ, ಬೆನ್ನು ನೋಡಿದರೆ ಬಹುಮಟ್ಟಿಗೆ ಸಾಕು, ಗಾಯವನ್ನು ನೋಡಬೇಕಾದವರು ವೈದ್ಯರು ಅಥವಾ ದಾದಿ. ಕುಕ್ಕರಗಾಲಿನಲ್ಲಿ ಕೂರಿಸಿ ಕೆಮ್ಮಿಸುವುದಕ್ಕೆ ಉಳಿಯುವುದು ಬಚ್ಚಿಟ್ಟ ವಸ್ತುವಿನ ಕಾರಣವೊಂದೇ. ಆಡಳಿತ ಈ ನಾಲ್ಕನ್ನೂ ಒಂದೇ ಗಂಟು ಕಟ್ಟಿದಾಗ, ಅತ್ಯಂತ ಮೃದುವಾದ ಕಾರಣದ ಒಳ್ಳೆಯತನ ಅತ್ಯಂತ ಕಠೋರವಾದ ಹೆಜ್ಜೆಗೂ ಅಂಟಿಕೊಳ್ಳುತ್ತದೆ. ಆರೋಗ್ಯದ ಹೆಸರಿನಲ್ಲಿ ಬಿಚ್ಚಿದ ಬಟ್ಟೆಯನ್ನು ಭದ್ರತೆಯ ಹೆಸರಿನಲ್ಲಿ ಇನ್ನಷ್ಟು ಹೊತ್ತು ಹಾಕಿಕೊಳ್ಳಗೊಡುವುದಿಲ್ಲ.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1961ರಲ್ಲಿ ಜೈಲು, ಮಾನಸಿಕ ಆಸ್ಪತ್ರೆ, ಸೇನಾ ಶಿಬಿರಗಳಂಥ ಮುಚ್ಚಿದ ಸಂಸ್ಥೆಗಳ ದಾಖಲಾತಿಯನ್ನು ವಿವರಿಸುವಾಗ ಇದನ್ನು ಗುರುತಿಸಿದ್ದರು. ಹೆಸರು ಬರೆಸುವುದು, ಫೋಟೋ, ತೂಕ, ಬೆರಳಚ್ಚು, ಸಂಖ್ಯೆ, ಸ್ವಂತ ವಸ್ತುಗಳ ಪಟ್ಟಿ, ಬಟ್ಟೆ ಬಿಚ್ಚುವುದು, ಸ್ನಾನ, ಕ್ಷೌರ, ಸಂಸ್ಥೆಯ ಉಡುಪು ಎಂದು ಸಾಗುವ ಆ ಸರಣಿಯಲ್ಲಿ ಬಂದ ಮನುಷ್ಯನನ್ನು ಆಡಳಿತದ ಯಂತ್ರಕ್ಕೆ ಹಾಕಬಹುದಾದ ವಸ್ತುವಾಗಿ ಕೆತ್ತಲಾಗುತ್ತದೆ ಎಂಬುದು ಅವರ ವಾದ. ಅವರು ಕಂಡ ಇನ್ನೊಂದು ಅಂಶ ಈ ಪ್ರಕರಣಕ್ಕೆ ಹೆಚ್ಚು ಹತ್ತಿರದ್ದು: ಮೊದಲ ಗಳಿಗೆಯೇ ವಿಧೇಯತೆಯ ಪರೀಕ್ಷೆಯೂ ಆಗಿರುತ್ತದೆ. ಬಗ್ಗು ಎಂದಾಗ ಬಗ್ಗಿದವನನ್ನು ಸುಲಭದವನೆಂದು, ಏಕೆ ಎಂದು ಕೇಳಿದವನನ್ನು ತಂಟೆಯವನೆಂದು ಸಿಬ್ಬಂದಿ ಅಲ್ಲೇ ಗುರುತು ಹಾಕಿಕೊಳ್ಳುತ್ತಾರೆ. ಕೈಯಲ್ಲಿ ದಂಡ ಕಟ್ಟಿದ ಪುರಾವೆಯಿರುವ ಮನುಷ್ಯನಿಗೆ ಏಕೆ ಎಂದು ಕೇಳುವ ಹಕ್ಕು ಬೇರೆ ಯಾರಿಗಿಂತಲೂ ಹೆಚ್ಚಾಗಿತ್ತು. ಆ ಕೋಣೆಯಲ್ಲಿ ಅದನ್ನು ಕೇಳುವುದು ಅವನಿಗೇ ಹಾನಿಕರವಾಗಿತ್ತು. ತಮ್ಮನ್ನು ಗಂಡಸಿಗಿಂತ ಕಡಿಮೆಯಾಗಿ, ಪ್ರಾಣಿಯಂತೆ ಕಂಡರೆಂಬ ಭಾವ ಆಗ ತಮ್ಮಲ್ಲಿ ಹುಟ್ಟಿತೆಂದು ಫ್ಲಾರೆನ್ಸ್ ಆಮೇಲೆ ಪತ್ರಕರ್ತರಿಗೆ ಹೇಳಿದ್ದಾರೆ.

ಯಾರೂ ಮುಟ್ಟಲಿಲ್ಲ ಎಂಬುದನ್ನು ಜೈಲುಗಳ ಪರ ಮತ್ತೆ ಮತ್ತೆ ಹೇಳಲಾಯಿತು. ಅದು ನಿಜವಿರಬಹುದು. ಆದರೆ ಫ್ಲಾರೆನ್ಸ್ ಅವರ ದೂರು ಸ್ಪರ್ಶದ್ದಾಗಿರಲಿಲ್ಲ. ತಮ್ಮ ದೇಹವನ್ನು ತಾವೇ ತಮ್ಮ ಕೈಯಿಂದ, ಇನ್ನೊಬ್ಬನ ಆಜ್ಞೆಯಂತೆ, ಅವನ ಕಣ್ಣಿಗೆ ಒಪ್ಪಿಸಬೇಕಾಯಿತು ಎಂಬುದು ದೂರು. ಮುಟ್ಟಿ ನೋಡಿದ್ದರೆ ಅವಮಾನ ಮಾಡಿದ ಕೈ ಬೇರೆಯವರದಾಗುತ್ತಿತ್ತು.

ದಾವೆ

ಹೊರಬಂದ ಫ್ಲಾರೆನ್ಸ್ ಎರಡೂ ಜೈಲುಗಳ ಆಡಳಿತದ ಮೇಲೆ ದಾವೆ ಹೂಡಿದರು. ಲಘು ಸ್ವರೂಪದ ಆರೋಪದ ಮೇಲೆ ಆ ಜೈಲುಗಳಿಗೆ ಬಂದು, ಸಕಾರಣ ಅನುಮಾನವಿಲ್ಲದೆಯೂ ಬೆತ್ತಲಾಗಬೇಕಾಗಿ ಬಂದ ಎಲ್ಲರ ಪರವಾಗಿ ಅದು ಸಮೂಹ ದಾವೆಯಾಯಿತು. ಅವರ ಬೇಡಿಕೆ ಅತಿಯಾದದ್ದೇನೂ ಅಲ್ಲ. ಜೈಲಿನಲ್ಲಿ ತಪಾಸಣೆಯೇ ಬೇಡವೆಂದು ಅವರು ಹೇಳಲಿಲ್ಲ. ಸ್ನಾನ, ಲೋಹಶೋಧಕ, ಬಟ್ಟೆಯ ಮೇಲಿಂದ ತಡವಿ ನೋಡುವುದು, ಬಟ್ಟೆಯನ್ನು ಜಾಲಾಡುವುದು ಇವೆಲ್ಲ ಇರಲಿ. ಸಣ್ಣ ಆರೋಪದ ಮೇಲೆ ಬಂದವನನ್ನು ದೇಹದ ರಂಧ್ರ ತೋರಿಸುವಂತೆ ಮಾಡಬೇಕಾದರೆ ಮಾತ್ರ, ಅವನು ಏನನ್ನಾದರೂ ಬಚ್ಚಿಟ್ಟಿದ್ದಾನೆ ಎಂದು ಶಂಕಿಸಲು ಒಂದು ಕಾರಣವಿರಬೇಕು ಎಂಬುದಷ್ಟೇ ಕೋರಿಕೆ. ನ್ಯೂಜೆರ್ಸಿಯಲ್ಲಿ ದಂಡ ಕಟ್ಟದಿರುವುದು ಅಪರಾಧವೇ ಅಲ್ಲ, ಸಿವಿಲ್ ಸ್ವರೂಪದ ನ್ಯಾಯಾಂಗ ನಿಂದನೆ ಎಂಬುದನ್ನು ಇಲ್ಲಿ ನೆನೆಯಬೇಕು.

ಕೆಳಗಿನ ಕೇಂದ್ರೀಯ ನ್ಯಾಯಾಲಯ ಫ್ಲಾರೆನ್ಸ್ ಪರ ತೀರ್ಪು ಕೊಟ್ಟಿತು, ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. 2012ರ ಏಪ್ರಿಲ್ 2ರಂದು ಸುಪ್ರೀಂ ಕೋರ್ಟ್ ಐದು ನಾಲ್ಕರ ಅಂತರದಲ್ಲಿ ಜೈಲುಗಳ ಪರ ತೀರ್ಪಿತ್ತಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಆಂಟನಿ ಕೆನಡಿ. ಭಿನ್ನಮತ ಸ್ಟೀಫನ್ ಬ್ರೇಯರ್ ಅವರದು, ಅದಕ್ಕೆ ಗಿನ್ಸ್‌ಬರ್ಗ್, ಸೋಟೊಮೇಯರ್, ಕೇಗನ್ ಸೇರಿಕೊಂಡರು.

ಕೆನಡಿ ಅವರ ತೀರ್ಪನ್ನು ಓದಿದರೆ ಅದು ದಾಖಲಾತಿ ಕೌಂಟರಿನ ಹಿಂದೆ ಕುಳಿತವನ ಕಣ್ಣಿನಿಂದ ಬರೆದ ಬರಹ ಎನ್ನಿಸುತ್ತದೆ. ದೇಶದ ಜೈಲುಗಳಿಗೆ ಆಗ ವರ್ಷಕ್ಕೆ 1.3 ಕೋಟಿಗೂ ಹೆಚ್ಚು ದಾಖಲಾತಿಗಳಾಗುತ್ತಿದ್ದವು. ದೊಡ್ಡ ಜೈಲುಗಳಲ್ಲಿ ದಿನಕ್ಕೆ ನೂರಾರು ಜನ ಬರುತ್ತಾರೆ. ಬಂದವನ ಪೂರ್ವಚರಿತ್ರೆ ಆ ಕ್ಷಣಕ್ಕೆ ಕೈಯಲ್ಲಿರುವುದಿಲ್ಲ, ಇದ್ದರೂ ಅದು ಅಪೂರ್ಣವಿರಬಹುದು, ಅವನು ಸುಳ್ಳು ಹೆಸರು ಹೇಳಿರಬಹುದು. ಹೊರಗೆ ನಿರುಪದ್ರವಿಯಾದ ವಸ್ತು ಒಳಗೆ ಅಪಾಯಕಾರಿಯಾಗುತ್ತದೆ: ಚೂಯಿಂಗ್ ಗಮ್ಮಿನಿಂದ ಬೀಗ ಕೆಡಿಸಬಹುದು, ಕೂದಲಿನ ಪಿನ್ನಿನಿಂದ ಬೇಡಿ ಬಿಡಿಸಬಹುದು. ಸಣ್ಣ ಆರೋಪದವರನ್ನು ತಪಾಸಣೆಯಿಂದ ಬಿಟ್ಟರೆ ದೊಡ್ಡವರು ಅವರ ಮೂಲಕವೇ ವಸ್ತು ಸಾಗಿಸುತ್ತಾರೆ. ಆರೋಪ ಸಣ್ಣದೆಂದ ಮಾತ್ರಕ್ಕೆ ಮನುಷ್ಯ ಸಣ್ಣ ಅಪಾಯದವನಲ್ಲ ಎಂದು ಹೇಳಲು ಅವರು ಕೊಟ್ಟ ಉದಾಹರಣೆಗಳು ಎಲ್ಲರಿಗೂ ನೆನಪಿರುವಂಥವು. ಒಕ್ಲಹೋಮಾ ಬಾಂಬ್ ಸ್ಫೋಟದ ಟಿಮೊಥಿ ಮ್ಯಾಕ್‌ವೇ ಸಿಕ್ಕಿಬಿದ್ದದ್ದು ಕಾರಿಗೆ ನಂಬರ್ ಪ್ಲೇಟ್ ಇಲ್ಲವೆಂದು ಪೊಲೀಸನೊಬ್ಬ ತಡೆದಾಗ. 2001ರ ಸೆಪ್ಟೆಂಬರ್ 11ರ ದಾಳಿಕೋರರಲ್ಲಿ ಒಬ್ಬನಿಗೆ ಅದಕ್ಕೆ ಎರಡೇ ದಿನ ಮೊದಲು ಅತಿವೇಗಕ್ಕಾಗಿ ದಂಡದ ಚೀಟಿ ಹರಿದು ಕೊಡಲಾಗಿತ್ತು.

ಇವು ಬಲವಾದ ಉದಾಹರಣೆಗಳು, ಆದರೆ ವಾದಕ್ಕೆ ಎಷ್ಟು ಹೊಂದುತ್ತವೆ ಎಂಬುದು ಬೇರೆ ಮಾತು. ಮ್ಯಾಕ್‌ವೇ ಬಾಂಬರ್ ಎಂಬುದನ್ನು ಬಟ್ಟೆ ಬಿಚ್ಚಿಸಿ ಕಂಡುಹಿಡಿಯಲಾಗುವುದಿಲ್ಲ. ಅಪಾಯಕಾರಿ ಮನುಷ್ಯ ಮತ್ತು ಅಪಾಯಕಾರಿ ವಸ್ತುವನ್ನು ದೇಹದೊಳಗೆ ಬಚ್ಚಿಟ್ಟುಕೊಂಡ ಮನುಷ್ಯ ಒಬ್ಬನೇ ಅಲ್ಲ. ರಸ್ತೆಯಲ್ಲಿ ಹಠಾತ್ತನೆ ಬಂಧನವಾದವನಿಗೆ ತಾನು ಇಂದು ಜೈಲಿಗೆ ಹೋಗುತ್ತೇನೆಂಬ ಕಲ್ಪನೆಯೇ ಇರುವುದಿಲ್ಲವಾದ್ದರಿಂದ, ಹೆಂಡತಿ ಮಗನೊಂದಿಗೆ ಕಾರಿನಲ್ಲಿ ಹೊರಟ ಫ್ಲಾರೆನ್ಸ್ ಮಾದಕ ವಸ್ತುವನ್ನು ಮೈಯಲ್ಲಿ ಅಡಗಿಸಿಕೊಂಡು ಬಂದಿರುವ ಸಂಭವ ಎಷ್ಟೆಂಬುದನ್ನು ಯಾರೂ ಊಹಿಸಬಹುದು.

ಬ್ರೇಯರ್ ಅವರ ಭಿನ್ನಮತ ಅದೇ ಕೌಂಟರಿನ ಈಚೆ ಬದಿಯಲ್ಲಿ ನಿಂತು ಬರೆದದ್ದು. ಬೆತ್ತಲೆ ತಪಾಸಣೆಗೆ ಗುರಿಯಾದವರ ಆರೋಪಗಳನ್ನು ಅವರು ಪಟ್ಟಿ ಮಾಡುತ್ತಾರೆ: ತಿರುವಿನಲ್ಲಿ ಇಂಡಿಕೇಟರ್ ಹಾಕದ್ದು, ಹೆಡ್‌ಲೈಟ್ ಕೆಟ್ಟ ಗಾಡಿ ಓಡಿಸಿದ್ದು, ಗದ್ದಲದ ಸೈಲೆನ್ಸರ್, ಬೆಲ್ ಇಲ್ಲದ ಸೈಕಲ್. ಯುದ್ಧವಿರೋಧಿ ಪ್ರತಿಭಟನೆಯಲ್ಲಿ ಬಂಧಿತರಾದ ಕ್ಯಾಥೊಲಿಕ್ ಸನ್ಯಾಸಿನಿಯೊಬ್ಬರೂ ಆ ಪಟ್ಟಿಯಲ್ಲಿದ್ದಾರೆ. ಮುಟ್ಟಾಗಿದ್ದ ಹೆಂಗಸರನ್ನು, ಹಾಲೂಡಿಸುತ್ತಿದ್ದ ತಾಯಂದಿರನ್ನು ಹಾಗೆಯೇ ನಿಲ್ಲಿಸಿದ ಪ್ರಸಂಗಗಳೂ ಇವೆ. ಹಿಂದೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ವ್ಯಕ್ತಿಗೆ ಈ ಕೆಲವು ನಿಮಿಷಗಳು ಏನಾಗಿರುತ್ತವೆ ಎಂಬುದನ್ನು ಹೇಳಬೇಕಾಗಿಲ್ಲ. ಜೈಲಿನ ಮೊದಲ ದಿನಗಳೇ ಆತ್ಮಹತ್ಯೆಯ ಅಪಾಯ ಅತಿ ಹೆಚ್ಚಿರುವ ಕಾಲ ಎಂಬುದು ಬಂದೀಖಾನೆಗಳಲ್ಲಿ ಕೆಲಸ ಮಾಡುವ ವೈದ್ಯರೆಲ್ಲರಿಗೂ ಗೊತ್ತಿರುವ ಸಂಗತಿ.

ಬ್ರೇಯರ್ ಲೆಕ್ಕವನ್ನೂ ಮುಂದಿಟ್ಟರು. ನ್ಯೂಯಾರ್ಕಿನ ಆರೆಂಜ್ ಕೌಂಟಿಯಲ್ಲಿ ದಾಖಲಾದ ಸುಮಾರು 23,000 ಜನರ ತಪಾಸಣೆಯಲ್ಲಿ ದೇಹದಲ್ಲಿ ಅಥವಾ ಒಳಉಡುಪಿನಲ್ಲಿ ಬಚ್ಚಿಟ್ಟ ವಸ್ತು ಸಿಕ್ಕದ್ದು ಐದು ಸಲ. ಆ ಐದರಲ್ಲಿ ನಾಲ್ಕು ಪ್ರಸಂಗಗಳಲ್ಲಿ ಮೊದಲೇ ಸಕಾರಣ ಅನುಮಾನಕ್ಕೆ ಆಸ್ಪದವಿದ್ದಿರಬಹುದು. ಎಲ್ಲರನ್ನೂ ಬೆತ್ತಲೆ ಮಾಡಿದ್ದರಿಂದಲೇ ಸಿಕ್ಕಿದ್ದೆಂದು ಹೇಳಬಹುದಾದದ್ದು ಒಂದೇ ಒಂದು. ಇಂಥ ಲೆಕ್ಕಕ್ಕೆ ಜೈಲುಗಳ ಕಡೆಯಿಂದ ಹಳೆಯ ಉತ್ತರವೊಂದು ಸಿದ್ಧವಿರುತ್ತದೆ. 1979ರ ಬೆಲ್ ವಿರುದ್ಧ ವುಲ್ಫಿಶ್ ಮೊಕದ್ದಮೆಯಲ್ಲಿಯೂ ನ್ಯೂಯಾರ್ಕಿನ ಕೇಂದ್ರೀಯ ಬಂಧನ ಗೃಹದಲ್ಲಿ ಇಂಥ ತಪಾಸಣೆಯಿಂದ ವಸ್ತು ಸಿಕ್ಕ ಒಂದೇ ಒಂದು ಪ್ರಸಂಗ ದಾಖಲಾಗಿತ್ತು; ತಪಾಸಣೆಯ ಭಯದಿಂದಲೇ ಯಾರೂ ತರುತ್ತಿಲ್ಲದಿರಬಹುದು ಎಂದು ನ್ಯಾಯಾಲಯ ಆಗ ಹೇಳಿತು. ಸಿಕ್ಕರೆ ನಿಯಮ ಬೇಕೆಂದಾಯಿತು, ಸಿಗದಿದ್ದರೆ ನಿಯಮ ಫಲಿಸಿತೆಂದಾಯಿತು. ಯಾವ ಅಂಕಿಯನ್ನು ತಂದಿಟ್ಟರೂ ಸೋಲದ ವಾದವನ್ನು ನ್ಯಾಯಾಲಯಗಳು ಬೇರೆಡೆ ಇಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಬೇರೆ ದಾರಿ ಇತ್ತೇ ಎಂಬ ಪ್ರಶ್ನೆಗೆ ಉತ್ತರ ಅಮೆರಿಕದೊಳಗೇ ಇತ್ತು. ಲಘು ಆರೋಪದವರನ್ನು ಸಕಾರಣ ಅನುಮಾನವಿಲ್ಲದೆ ಹೀಗೆ ತಪಾಸಣೆ ಮಾಡಬಾರದೆಂಬ ಕಾನೂನು ಕನಿಷ್ಠ ಹತ್ತು ರಾಜ್ಯಗಳಲ್ಲಿತ್ತು. ಕೇಂದ್ರ ಸರ್ಕಾರದ ಬಂದೀಖಾನೆ ಇಲಾಖೆಯ ಸ್ವಂತ ನಿಯಮವೇ ಇಂಥವರನ್ನು ಬೆತ್ತಲೆ ತಪಾಸಣೆಗೆ ಒಳಪಡಿಸದೆ, ಉಳಿದ ಕೈದಿಗಳೊಡನೆ ಬೆರೆಸದೆ ಪ್ರತ್ಯೇಕವಾಗಿ ಇಡಲು ಅವಕಾಶ ಕೊಟ್ಟಿತ್ತು. ಆ ಜೈಲುಗಳೇನೂ ಕುಸಿದು ಬಿದ್ದಿರಲಿಲ್ಲ.

ಎರಡು ಅಜ್ಞಾನಗಳು

ತೀರ್ಪಿನ ಕಾನೂನನ್ನು ಬದಿಗಿಟ್ಟು ಘಟನೆಯನ್ನಷ್ಟೇ ನೋಡಿದಾಗ ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಈ ಪ್ರಕರಣದಲ್ಲಿ ಸರ್ಕಾರಕ್ಕೆ ಫ್ಲಾರೆನ್ಸ್ ಬಗ್ಗೆ ಎರಡು ಕಡೆ ತಿಳಿವಳಿಕೆ ಕೈಕೊಟ್ಟಿತು. ರಸ್ತೆಯಲ್ಲಿ, ಅವರ ಬಗ್ಗೆ ಅದಕ್ಕೆ ತಪ್ಪು ಗೊತ್ತಿತ್ತು: ದಂಡ ಬಾಕಿಯಿದೆ ಎಂದು ಕಂಪ್ಯೂಟರ್ ಹೇಳಿತು, ಮನುಷ್ಯ ತೋರಿಸಿದ ಕಾಗದಕ್ಕಿಂತ ಕಂಪ್ಯೂಟರಿನ ಮಾತೇ ಗಟ್ಟಿಯಾಯಿತು. ಜೈಲಿನಲ್ಲಿ, ಅವರ ಬಗ್ಗೆ ತನಗೆ ಏನೂ ಗೊತ್ತಿಲ್ಲ ಎಂದು ಅದೇ ಸರ್ಕಾರ ಹೇಳಿತು: ಯಾರೋ ಏನೋ, ಆದ್ದರಿಂದ ಬಟ್ಟೆ ಬಿಚ್ಚಲಿ. ಒಂದೆಡೆ ದಾಖಲೆಯ ಮೇಲೆ ಅತಿಯಾದ ನಂಬಿಕೆ, ಕೆಲವೇ ಗಂಟೆಗಳ ಬಳಿಕ ದಾಖಲೆಯ ಮೇಲೆ ಅತಿಯಾದ ಅಪನಂಬಿಕೆ. ಎರಡು ಅಜ್ಞಾನಗಳ ಬೆಲೆಯನ್ನೂ ತೆತ್ತವನು ಒಬ್ಬನೇ. ಬಂಧಿಸಲು ಸಾಕಾದ ದಾಖಲೆ, ದಂಡ ಬಾಕಿಯ ಮೇಲೆ ಬಂದವನು ಎಂದು ಗುರುತಿಸಿ ಬೇರೆ ಬೆಂಚಿನಲ್ಲಿ ಕೂರಿಸಲು ಏಕೆ ಸಾಲದೆ ಹೋಯಿತು ಎಂಬುದಕ್ಕೆ ಬಹುಮತದ ತೀರ್ಪಿನಲ್ಲಿ ನನಗೆ ತೃಪ್ತಿಕರ ಉತ್ತರ ಕಾಣಲಿಲ್ಲ.

ಎಲ್ಲರಿಗೂ ಒಂದೇ ನಿಯಮ ಎಂಬುದನ್ನು ಆಡಳಿತ ತನ್ನ ನಿಷ್ಪಕ್ಷಪಾತಕ್ಕೆ ಸಾಕ್ಷಿಯಾಗಿ ಹೇಳುತ್ತದೆ. ಈ ಮಾತು ಭಾರತೀಯರ ಕಿವಿಗೆ ಜೋರಾಗಿ ಬಿದ್ದದ್ದು ಮುಂದಿನ ವರ್ಷ. 2013ರ ಡಿಸೆಂಬರ್ 12ರಂದು ನ್ಯೂಯಾರ್ಕಿನಲ್ಲಿ ಭಾರತದ ಉಪ ಕಾನ್ಸುಲ್ ಜನರಲ್ ದೇವಯಾನಿ ಖೋಬ್ರಾಗಡೆ ಅವರನ್ನು, ಮನೆಗೆಲಸದಾಕೆಯ ವೀಸಾಕ್ಕೆ ಸಂಬಂಧಿಸಿದ ಆರೋಪದ ಮೇಲೆ ಬಂಧಿಸಿ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಲಾಯಿತು. ದೆಹಲಿ ಕೆರಳಿತು, ಅಮೆರಿಕದ ರಾಯಭಾರ ಕಚೇರಿಯ ಮುಂದಿನ ಭದ್ರತಾ ತಡೆಗಳನ್ನು ತೆಗೆಸಲಾಯಿತು. ಬಡವರಿರಲಿ ಶ್ರೀಮಂತರಿರಲಿ, ಅಮೆರಿಕದವರಿರಲಿ ಇಲ್ಲದಿರಲಿ, ಎಲ್ಲ ಆರೋಪಿಗಳಿಗೂ ಇದೇ ಕ್ರಮ ಎಂದು ಅಲ್ಲಿನ ಸರ್ಕಾರಿ ಅಭಿಯೋಜಕ ಪ್ರೀತ್ ಭರಾರಾ ಉತ್ತರಿಸಿದರು. ರಾಜತಾಂತ್ರಿಕ ಅಧಿಕಾರಿಗೆ ಹೀಗೆ ಮಾಡಬಹುದೇ ಎಂದು ನಮ್ಮ ಟಿ.ವಿ. ವಾಹಿನಿಗಳು ವಾರಗಟ್ಟಲೆ ಕೇಳಿದವು. ಅದೇ ದಿನ ಅದೇ ಸಾಲಿನಲ್ಲಿ ನಿಂತಿದ್ದ ಉಳಿದವರಿಗೆ ಹೀಗೆ ಮಾಡಬಹುದೇ ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬರಲಿಲ್ಲ.

ನಮ್ಮ ಜೈಲುಗಳ ಬಾಗಿಲಿನಲ್ಲಿ ನಡೆಯುವುದಕ್ಕೂ ನಿಯಮದ ಬೆಂಬಲ ಹಳೆಯದು. 1894ರ ಕಾರಾಗೃಹ ಕಾಯ್ದೆಯ 24ನೇ ಕಲಮಿನ ಪ್ರಕಾರ ಒಳಬರುವ ಪ್ರತಿ ಕೈದಿಯನ್ನೂ ತಪಾಸಣೆ ಮಾಡಿ ನಿಷಿದ್ಧ ವಸ್ತುಗಳನ್ನು ತೆಗೆದುಕೊಳ್ಳಬೇಕು. ಹೆಂಗಸರ ತಪಾಸಣೆಯನ್ನು ಹೆಣ್ಣು ಸಿಬ್ಬಂದಿಯೇ ಮಾಡಬೇಕು. ಅದೇ ಕಲಮಿನ ಇನ್ನೊಂದು ಭಾಗದಂತೆ ಕೈದಿಯ ಆರೋಗ್ಯದ ಸ್ಥಿತಿಯನ್ನು, ಮೈಮೇಲಿನ ಗಾಯ ಗುರುತುಗಳನ್ನು ವೈದ್ಯಾಧಿಕಾರಿಯ ಆದೇಶದಂತೆ ಪುಸ್ತಕವೊಂದರಲ್ಲಿ ದಾಖಲಿಸಬೇಕು. ಇಲ್ಲಿ ಪ್ರಶ್ನೆ ಸ್ವಲ್ಪ ತೊಡಕಾಗುತ್ತದೆ. ಪೊಲೀಸ್ ಠಾಣೆಯಲ್ಲಿ ಏಟು ತಿಂದು ಬಂದವನಿಗೆ ಆ ಪುಸ್ತಕದ ಒಂದು ಸಾಲು ಸಾಕ್ಷ್ಯವಾಗಬಹುದು: ಬೆನ್ನಿನ ಬಾಸುಂಡೆ ಜೈಲಿಗೆ ಬರುವ ಮೊದಲೇ ಇತ್ತೆಂದು ಹೇಳಲು ಅದಕ್ಕಿಂತ ಗಟ್ಟಿಯಾದ ಕಾಗದ ಸಿಗುವುದು ಕಷ್ಟ. ಅವನ ದೇಹವನ್ನು ಯಾರೂ ನೋಡಬಾರದು ಎನ್ನುವುದು ಅವನ ಹಿತವಲ್ಲ. ವೈದ್ಯರು, ಪರದೆಯ ಹಿಂದೆ, ಅವನ ಪರವಾಗಿ ಬರೆದಿಡಲು ನೋಡುವುದಕ್ಕೂ, ಕಾವಲಿನವನು ಸಾಲಿನಲ್ಲಿ ನಿಲ್ಲಿಸಿ ಅವನ ವಿರುದ್ಧ ಏನಾದರೂ ಸಿಕ್ಕೀತೆಂದು ನೋಡುವುದಕ್ಕೂ ಇರುವ ಅಂತರವನ್ನು ದಾಖಲಾತಿ ಕೋಣೆ ಉಳಿಸಿಕೊಳ್ಳುತ್ತದೆಯೇ ಎಂಬುದೇ ಮುಖ್ಯ. ಎಸೆಕ್ಸ್ ಜೈಲಿನಲ್ಲಿ ಎರಡನ್ನೂ ಒಬ್ಬ ಅಧಿಕಾರಿಯ ಒಂದೇ ನೋಟಕ್ಕೆ ವಹಿಸಲಾಗಿತ್ತು.

ನ್ಯೂಜೆರ್ಸಿಯ ಕೌಂಟರ್ ಬಂದವನ ಬಗ್ಗೆ ಏನನ್ನೂ ಕೇಳಲಿಲ್ಲವೆಂಬುದು ದೂರಾದರೆ, ಭಾರತದ ಕೌಂಟರ್ ಕೇಳಬಾರದ್ದನ್ನು ಕೇಳಿದ್ದು ದೂರಾಯಿತು. ಕೈದಿಗಳ ರಿಜಿಸ್ಟರಿನಲ್ಲಿ ಜಾತಿಯ ಕಾಲಂ ಇರುತ್ತಿತ್ತು. ಹಲವು ರಾಜ್ಯಗಳ ಕೈಪಿಡಿಗಳು ಆ ಕಾಲಮಿನ ಆಧಾರದ ಮೇಲೆ ಅಡುಗೆ ಯಾರಿಗೆ, ಗುಡಿಸುವುದು ಯಾರಿಗೆ ಎಂದು ಹಂಚುತ್ತಿದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು ಭಾರತದ ಸುಪ್ರೀಂ ಕೋರ್ಟ್ ಅಂಥ ನಿಯಮಗಳನ್ನು ರದ್ದುಪಡಿಸಿ, ವಿಚಾರಣಾಧೀನ ಕೈದಿಗಳ ಮತ್ತು ಶಿಕ್ಷೆಗೊಳಗಾದವರ ರಿಜಿಸ್ಟರುಗಳಿಂದ ಜಾತಿಯ ಕಾಲಮನ್ನು ತೆಗೆಯಲು ಆದೇಶಿಸಿತು. ದಾಖಲಾತಿಯ ಫಾರಂ ಕೇವಲ ಗುಮಾಸ್ತಗಿರಿಯಲ್ಲ, ಒಳಗಿನ ಬದುಕಿನ ಮೊದಲ ತೀರ್ಪು ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ನನಗೆ ಗೊತ್ತಿಲ್ಲ.

ಬಾಗಿಲುಗಳ ಅನುಕ್ರಮ

ಫ್ಲಾರೆನ್ಸ್ ತೀರ್ಪಿನ ಬಹುಮತವೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಉಳಿದ ಕೈದಿಗಳೊಡನೆ ಬೆರೆಯದಂತೆ ಪ್ರತ್ಯೇಕವಾಗಿ ಇಡಬಹುದಾದವರ ವಿಷಯವನ್ನು ತಾವು ನಿರ್ಧರಿಸುತ್ತಿಲ್ಲ ಎಂದು ಕೆನಡಿ ತೀರ್ಪಿನ ಕೊನೆಯ ಭಾಗದಲ್ಲಿ ಬರೆದರು. ಆ ಭಾಗಕ್ಕೆ ನ್ಯಾಯಮೂರ್ತಿ ಥಾಮಸ್ ಸಹಿ ಹಾಕಲಿಲ್ಲ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಮುಂದೆ ವಿನಾಯಿತಿಗಳಿಗೆ ಬಾಗಿಲು ತೆರೆದಿದೆ ಎಂದು ಪ್ರತ್ಯೇಕವಾಗಿ ಬರೆದರು. ಸ್ಯಾಮ್ಯುಯೆಲ್ ಅಲಿಟೊ ಅವರ ಪ್ರತ್ಯೇಕ ಟಿಪ್ಪಣಿ ಈ ದೃಷ್ಟಿಯಿಂದ ಹೆಚ್ಚು ಉಪಯುಕ್ತ: ಲಘು ಆರೋಪದ ಮೇಲೆ ಬಂಧಿತರಾದ ಬಹುಪಾಲು ಜನ ನ್ಯಾಯಾಧೀಶರ ಮುಂದೆ ಹೋದ ಕೂಡಲೇ ಬಿಡುಗಡೆಯಾಗುತ್ತಾರೆ, ಆದ್ದರಿಂದ ಬಂಧನವನ್ನು ನ್ಯಾಯಾಧೀಶರು ಪರಿಶೀಲಿಸುವ ಮೊದಲೇ ಅವರನ್ನು ಸಾಮಾನ್ಯ ಬ್ಯಾರಕ್ಕಿಗೆ ಸೇರಿಸಿ ಬೆತ್ತಲೆ ತಪಾಸಣೆ ಮಾಡುವುದು ಸದಾ ಸಮಂಜಸ ಎಂದು ಈ ತೀರ್ಪು ಹೇಳುತ್ತಿಲ್ಲ ಎಂಬುದು ಅದರ ತಿರುಳು.

ಅಂದರೆ ಪ್ರಶ್ನೆ ಯಾವ ಬಾಗಿಲು ಮೊದಲು ಎಂಬುದು. ಫ್ಲಾರೆನ್ಸ್ ಅವರನ್ನು ಎಸೆಕ್ಸ್ ಜೈಲಿನಲ್ಲಿ ಎರಡನೇ ಬಾರಿ ಬೆತ್ತಲೆ ತಪಾಸಣೆ ಮಾಡಿದ ಮರುದಿನವೇ ಆರೋಪ ವಜಾ ಆಯಿತು. ನ್ಯಾಯಾಲಯದ ಬಾಗಿಲು ಜೈಲಿನ ಬಾಗಿಲಿಗಿಂತ ಮೊದಲು ತೆರೆದಿದ್ದರೆ ಎರಡು ತಪಾಸಣೆಗಳೂ, ಒಂದು ವಾರದ ಸೆರೆಯೂ, ಏಳು ವರ್ಷದ ಮೊಕದ್ದಮೆಯೂ ಇರುತ್ತಿರಲಿಲ್ಲ. ಭಾರತದ ಸಂವಿಧಾನದ 22ನೇ ವಿಧಿ ಈ ಅನುಕ್ರಮವನ್ನು ಸರಿಯಾಗಿಯೇ ಇಟ್ಟಿದೆ: ಬಂಧಿತನನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಅವರ ಆದೇಶವಿಲ್ಲದೆ ಅದರಾಚೆಗೆ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ನಮ್ಮಲ್ಲಿ ಜೈಲಿನ ದಾಖಲಾತಿ ಕೋಣೆಗೆ ಬರುವವನ ಕೈಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಸಹಿಯಿರುವ ಕಾಗದವಿರುತ್ತದೆ. ಆ ಸಹಿ ಬೀಳುವ ಮುನ್ನ ಅವನ ಮಾತನ್ನು ಎಷ್ಟು ಹೊತ್ತು ಕೇಳಲಾಯಿತು ಎಂಬುದನ್ನು ಕಾಗದ ಹೇಳುವುದಿಲ್ಲ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ಇನ್ನೂ ವಿಚಾರಣಾಧೀನರು, ಅಂದರೆ ದಾಖಲಾತಿ ಕೋಣೆಯನ್ನು ದಾಟುವಾಗ ಯಾವ ಅಪರಾಧವೂ ಸಾಬೀತಾಗದಿದ್ದವರು. ಬೇಲ್ ಅರ್ಜಿಯ ಮಾತು ಬಂದಾಗ ವಕೀಲರು ಅವರನ್ನು ಮುಗ್ಧರೆಂದೇ ಭಾವಿಸಬೇಕು ಎಂದು ವಾದಿಸುತ್ತಾರೆ. ಆ ಹೊತ್ತಿಗಾಗಲೇ ಅವರ ಚಪ್ಪಲಿ, ಉಡಿದಾರ, ಜೇಬಿನ ಚಿಲ್ಲರೆ ಜೈಲರ್ ಬಳಿಯ ಪಟ್ಟಿಗೆ ಸೇರಿ, ಹೆಬ್ಬೆಟ್ಟೋ ಸಹಿಯೋ ಬಿದ್ದಾಗಿರುತ್ತದೆ.